ಹಣ್ಣಿಗಿಂತ ಮೊದಲು ರೆಂಬೆ ನೋಡಿ: ಗೊತ್ತಿಲ್ಲದ ದ್ವೀಪದಲ್ಲಿ ಮರ ಗುರುತಿಸುವ ಬಗೆ

1999ರಲ್ಲಿ ಬ್ರಿಟನ್ನಿನ ವೈದ್ಯೆಯೊಬ್ಬರು ಕೆರಿಬಿಯನ್ ಕಡಲಿನ ಟೊಬೇಗೊ ದ್ವೀಪಕ್ಕೆ ರಜೆಗೆಂದು ಹೋಗಿದ್ದರು. ಮರಳ ಮೇಲೆ ಬಿದ್ದಿದ್ದ ತೆಂಗಿನಕಾಯಿ, ಮಾವಿನಹಣ್ಣುಗಳ ನಡುವೆ ಅವರಿಗೆ ಇನ್ನೊಂದು ಹಣ್ಣು ಕಂಡಿತು. ಹಸಿರು ಬಣ್ಣ, ದುಂಡನೆಯ ಆಕಾರ, ಪುಟ್ಟ ಸೇಬಿನ ಹಾಗೆ. ಒಂದು ಕಚ್ಚು ಕಚ್ಚಿದರು. ಸಿಹಿಯಾಗಿತ್ತು. ಜೊತೆಗಿದ್ದ ಗೆಳತಿಯೂ ಸ್ವಲ್ಪ ತಿಂದರು. ಕೆಲವೇ ಕ್ಷಣಗಳಲ್ಲಿ ಬಾಯಿ ಮೆಣಸು ಜಗಿದಂತೆ ಖಾರವಾಯಿತು. ಖಾರ ಉರಿಯಾಯಿತು, ಗಂಟಲು ಬಿಗಿಯಿತು. ಒಂದೆರಡು ಗಂಟೆಯಲ್ಲಿ ಗಟ್ಟಿ ಪದಾರ್ಥ ಏನನ್ನೂ ನುಂಗಲಾಗದ ಸ್ಥಿತಿ. ಆ ನೋವು ಇಳಿಯಲು ಇನ್ನೂ ಎಂಟು ಗಂಟೆ ಹಿಡಿಯಿತು. ಮರುವರ್ಷ ಅವರೇ ಈ ಅನುಭವವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು.

ಆ ಹಣ್ಣಿನ ಹೆಸರು ಮ್ಯಾಂಚಿನೀಲ್. ಸ್ಪ್ಯಾನಿಷ್ ಭಾಷೆಯಲ್ಲಿ ಅದನ್ನು 'ಸಾವಿನ ಪುಟ್ಟ ಸೇಬು' ಎಂದು ಕರೆಯುತ್ತಾರೆ.

ಓದಿಕೊಂಡ ವೈದ್ಯೆ ಹೇಗೆ ಮೋಸಹೋದರು? ಅವರು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಕಣ್ಣು ಮೊದಲು ಹಣ್ಣಿನ ಮೇಲೆ ಬೀಳುತ್ತದೆ. ಹಣ್ಣು ಗೊತ್ತಿರುವ ಯಾವುದನ್ನೋ ನೆನಪಿಸುತ್ತದೆ. ಅಲ್ಲಿಗೆ ಹುಡುಕಾಟ ಮುಗಿಯುತ್ತದೆ. ಆದರೆ ಗುರುತು ಹಿಡಿಯುವ ವಿಷಯದಲ್ಲಿ ಮರದ ಎಲ್ಲ ಭಾಗಗಳಿಗಿಂತ ಜಾಸ್ತಿ ದಾರಿ ತಪ್ಪಿಸುವುದು ಹಣ್ಣೇ.

ಇದಕ್ಕೆ ಕಾರಣವಿದೆ. ಹಣ್ಣು ಇರುವುದೇ ಬೀಜವನ್ನು ದೂರ ಕಳಿಸಲು. ಹಕ್ಕಿ ನುಂಗಬೇಕಾದರೆ ಚಿಕ್ಕದಾಗಿ, ಕೆಂಪಗೋ ಕಪ್ಪಗೋ ಹೊಳೆಯಬೇಕು. ಬಾವಲಿ ಬರಬೇಕಾದರೆ ಕತ್ತಲಲ್ಲೂ ಗಮಗಮ ಅನ್ನಬೇಕು. ಕಡಲಲ್ಲಿ ತೇಲಬೇಕಾದರೆ ನಾರಿನ ಹೊದಿಕೆ ಬೇಕು. ಕೆಲಸ ಒಂದೇ ಆದಾಗ, ಒಂದಕ್ಕೊಂದು ಸಂಬಂಧವೇ ಇಲ್ಲದ ಮರಗಳು ಒಂದೇ ಥರದ ಹಣ್ಣು ಬಿಡುತ್ತವೆ. ಎಲೆಗಳು ರೆಂಬೆಯ ಮೇಲೆ ಕೂತಿರುವ ರೀತಿ, ಮುರಿದಾಗ ಬರುವ ಸೊನೆ, ಎಲೆಯ ಬುಡದ ಸಣ್ಣ ಗುರುತುಗಳು ಹಾಗಲ್ಲ. ಅವು ಮನೆತನದ ಮೂಗಿನ ಹಾಗೆ, ತಲೆಮಾರಿನಿಂದ ತಲೆಮಾರಿಗೆ ಉಳಿದುಬರುತ್ತವೆ. ಆದ್ದರಿಂದ ನಾನು ಹೇಳುವುದು ಇಷ್ಟೇ: ಮೊದಲು ಕುಟುಂಬ, ಅಂದರೆ ಆ ಮರ ಸೇರಿರುವ ನೆಂಟರ ಗುಂಪು ಹಿಡಿಯಿರಿ, ಹೆಸರು ಆಮೇಲೆ. ಕುಟುಂಬ ಹಿಡಿಯಬೇಕಾದರೆ ಹಣ್ಣನ್ನು ಪಕ್ಕಕ್ಕಿಟ್ಟು ರೆಂಬೆ ನೋಡಬೇಕು.

ಮರ ಎಲ್ಲಿ ನಿಂತಿದೆ?

ರೆಂಬೆಗೂ ಮೊದಲು ಒಂದು ಸುಲಭದ ಪ್ರಶ್ನೆ ಇದೆ. ನಿಮ್ಮ ಕಾಲ ಕೆಳಗೆ ಏನಿದೆ? ಉಪ್ಪುಮರಳೇ, ಒಳನಾಡಿನ ಕಾಡೇ, ಅಥವಾ ಮನೆ, ರಸ್ತೆ, ತೋಟದ ಅಂಚೇ? ಉಷ್ಣವಲಯದ ದ್ವೀಪಗಳಲ್ಲಿ ಈ ಮೂರು ಜಾಗಗಳ ಮರಗಳು ಬೇರೆ ಬೇರೆ ದಾರಿಯಲ್ಲಿ ಬಂದವು.

ಕಡಲಂಚಿನ ಮರಗಳು ತೇಲಿ ಬಂದವು. ಹಿಂದೂ ಮಹಾಸಾಗರದಿಂದ ಪೆಸಿಫಿಕ್ ತನಕ ಯಾವ ದ್ವೀಪದಲ್ಲಿ ಇಳಿದರೂ ತೀರದಲ್ಲಿ ಹೆಚ್ಚುಕಡಿಮೆ ಅದೇ ಮುಖಗಳು ಸಿಗುತ್ತವೆ. ತೆಂಗು, ಕೇದಗೆಯ ಬಳಗ, ಸುರಹೊನ್ನೆ, ಕಾಡುಬಾದಾಮಿ, ಹೂವರಸಿ, ನೋನಿ, ಬ್ಯಾರಿಂಗ್ಟೋನಿಯಾ, ಮರಳ ಮೇಲೆ ಹಬ್ಬಿದ ಅಡುಂಬು ಬಳ್ಳಿ. ಹದಿನೈದಿಪ್ಪತ್ತು ಗಿಡಗಳ ಗುರುತು ಕಲಿತರೆ ನೂರಾರು ದ್ವೀಪಗಳ ತೀರ ನಿಮಗೆ ಪರಿಚಯವಾದಂತೆ. ಇಂಡೊನೇಷ್ಯಾದ ಕ್ರಾಕಟೋವಾ 1883ರಲ್ಲಿ ಸಿಡಿದಾಗ ಅಲ್ಲಿನ ಹಸಿರೆಲ್ಲ ಬೂದಿಯ ಕೆಳಗೆ ಹೋಯಿತು. ಮೂರು ವರ್ಷಗಳ ನಂತರ, 1886ರಲ್ಲಿ, ಸಸ್ಯಶಾಸ್ತ್ರಜ್ಞ ಮೆಲ್ಖಿಯೋರ್ ಟ್ರೋಯ್ಬ್ ಅಲ್ಲಿಗೆ ಹೋಗಿ ನೋಡಿದರು. ಒಳಭಾಗದಲ್ಲಿ ಗಾಳಿಯಲ್ಲಿ ಬಂದ ಜರೀಗಿಡಗಳು ಎದ್ದಿದ್ದವು. ತೀರದಲ್ಲಿ ಇದೇ ಕಡಲಂಚಿನ ಗಿಡಗಳು ಆಗಲೇ ಬೇರು ಬಿಡತೊಡಗಿದ್ದವು.

ತೇಲುವ ಬೀಜಗಳು ಹೆಸರಿಡುವವರನ್ನೂ ದಾರಿ ತಪ್ಪಿಸಿವೆ. ಎರಡು ತೆಂಗಿನಕಾಯಿ ಅಂಟಿಕೊಂಡಂತೆ ಕಾಣುವ, ಜಗತ್ತಿನ ಅತಿ ಭಾರದ ಬೀಜ ಕೊಕೊ ಡಿ ಮೇರ್. ಅದರ ಮರ ತಾನಾಗಿ ಬೆಳೆಯುವುದು ಸೇಶೆಲ್ಸ್‌ನ ಪ್ರಾಲಿನ್ ಮತ್ತು ಕ್ಯೂರಿಯಸ್ ದ್ವೀಪಗಳಲ್ಲಿ ಮಾತ್ರ. ಆದರೆ ಒಳಗೆ ಟೊಳ್ಳಾದ ಕಾಯಿಗಳು ತೇಲಿ ಮಾಲ್ಡೀವ್ಸ್ ತೀರಕ್ಕೆ ಬರುತ್ತಿದ್ದವು. ಮರ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದರ ವೈಜ್ಞಾನಿಕ ಹೆಸರಿನಲ್ಲಿ ಇವತ್ತಿಗೂ 'ಮಾಲ್ಡಿವಿಕಾ' ಎಂದಿದೆ. ತೀರದಲ್ಲಿ ಬಿದ್ದ ಕಾಯಿ ಆ ದ್ವೀಪದ್ದೇ ಆಗಿರಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಿದ್ದದ್ದನ್ನು ಕೈಗೆತ್ತಿಕೊಂಡಾಗ ಮೇಲೆ ನೋಡಿ. ಅದೇ ಕಾಯಿ ಬಿಟ್ಟ ಮರ ಹತ್ತಿರದಲ್ಲಿ ಇದೆಯೇ?

ಮನೆ, ರಸ್ತೆಗಳ ಸುತ್ತಲಿನ ಮರಗಳನ್ನು ಮನುಷ್ಯ ತಂದ. 'ದ್ವೀಪದ ಹೂವು' ಎಂದರೆ ಕಣ್ಣಮುಂದೆ ಬರುವುದು ದೇವಕಣಗಿಲೆ ಅಲ್ವಾ? ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ಸೀಮೆ. ಬೇಸಿಗೆಯಲ್ಲಿ ಕೆಂಪಗೆ ಉರಿಯುವ ಗುಲ್‌ಮೊಹರ್ ಮಡಗಾಸ್ಕರಿನದು. ಕಿತ್ತಳೆಗೆಂಪು ಬಟ್ಟಲಿನಂಥ ಹೂ ಬಿಡುವ ನೀರುಕಾಯಿ ಮರ ಆಫ್ರಿಕಾದ್ದು. ಅದರ ಮೊಗ್ಗು ಒತ್ತಿದರೆ ಪಿಚಕಾರಿಯಂತೆ ನೀರು ಚಿಮ್ಮುತ್ತದೆ, ಆ ಒಂದು ಗುರುತು ಸಾಕು. ಹವಾಯಿ, ಫಿಜಿಯಂಥ ಕಡೆ ಇದು ಕಾಡಿಗೂ ನುಗ್ಗಿ ತೊಂದರೆ ಕೊಡುತ್ತಿದೆ. ಇಂಥ ಮರಗಳಿಗೆ ಆ ದ್ವೀಪದ ಸಸ್ಯಗಳ ಪುಸ್ತಕವನ್ನೇ ಹುಡುಕಬೇಕಿಲ್ಲ. ಉಷ್ಣವಲಯದ ಉದ್ಯಾನದ ಮರಗಳ ಯಾವ ಪುಸ್ತಕದಲ್ಲೂ ಸಿಗುತ್ತವೆ.

ಒಳನಾಡಿನ ಹಳೆಯ ಕಾಡು ಮಾತ್ರ ಬೇರೆಯೇ ಲೋಕ. ಹವಾಯಿಯ ಸ್ಥಳೀಯ ಹೂಗಿಡಗಳಲ್ಲಿ ಸುಮಾರು 90 ಶೇಕಡಾ ಜಗತ್ತಿನ ಬೇರೆಲ್ಲೂ ಇಲ್ಲ. ಅಲ್ಲಿ ನಿಮಗೆ ಹೊರಗಿನ ಯಾವ ನೆನಪೂ ಕೆಲಸಕ್ಕೆ ಬರುವುದಿಲ್ಲ. ಆಗ ಕುಟುಂಬದ ಗುರುತುಗಳೇ ಗತಿ.

ರೆಂಬೆ ಓದುವುದು

ಮೊದಲ ಎಡವಟ್ಟು ಆಗುವುದು 'ಎಲೆ' ಎನ್ನುವ ಪದದಲ್ಲೇ. ನಾವು ಎಲೆ ಎಂದುಕೊಳ್ಳುವುದು ಎಷ್ಟೋ ಸಲ ಎಲೆಯ ಒಂದು ತುಂಡು. ಬೇವನ್ನು ನೆನೆಸಿಕೊಳ್ಳಿ. ಒಂದು ಕಡ್ಡಿಯ ಎರಡೂ ಬದಿಗೆ ಸಾಲಾಗಿ ಇರುವ ಚಿಕ್ಕ ಚಿಕ್ಕ ಹಸಿರುಗಳು ಎಲೆಗಳಲ್ಲ, ಕಿರುಎಲೆಗಳು. ಇಡೀ ಕಡ್ಡಿ ಸೇರಿ ಒಂದು ಎಲೆ. ಗೊತ್ತಾಗುವುದು ಹೇಗೆ? ಎಲೆಯ ತೊಟ್ಟು ರೆಂಬೆಗೆ ಸೇರುವ ಸಂದಿಯಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ. ಮುಂದೆ ಹೊಸ ಚಿಗುರು ಬರುವುದು ಅಲ್ಲಿಂದಲೇ. ಕಿರುಎಲೆಯ ಬುಡದಲ್ಲಿ ಈ ಮೊಗ್ಗು ಇರುವುದಿಲ್ಲ. ಕೈಯಲ್ಲಿರುವ ಹಸಿರಿನ ಬುಡದಲ್ಲಿ ಮೊಗ್ಗು ಕಾಣದಿದ್ದರೆ ಹಿಂದಕ್ಕೆ ಹೋಗುತ್ತಾ ಇರಿ, ಮೊಗ್ಗು ಸಿಗುವ ತನಕ. ಸಿಕ್ಕ ಜಾಗದಿಂದ ತುದಿಯವರೆಗೆ ಎಲ್ಲ ಸೇರಿ ಒಂದೇ ಎಲೆ. ಈ ಒಂದು ಅಭ್ಯಾಸ ಬಂದರೆ ಅರ್ಧ ಗೊಂದಲ ಕಳೆಯುತ್ತದೆ.

ಆಮೇಲೆ ಎಲೆಗಳು ಕೂತಿರುವ ಕ್ರಮ. ಎರಡೆರಡು ಎದುರುಬದುರಾಗಿ ಇವೆಯೇ, ಒಂದಾದ ಮೇಲೊಂದು ಬೇರೆ ಬೇರೆ ಎತ್ತರದಲ್ಲಿವೆಯೇ, ಅಥವಾ ರೆಂಬೆಯ ತುದಿಯಲ್ಲಿ ಗೊಂಚಲಾಗಿ ಸೇರಿವೆಯೇ? ಕೇಳಲು ತುಂಬಾ ಸಾಮಾನ್ಯ ಪ್ರಶ್ನೆ. ಆದರೆ ಇದೊಂದಕ್ಕೆ ಉತ್ತರ ಸಿಕ್ಕರೆ ನೋಡಬೇಕಾದ ಕುಟುಂಬಗಳ ಪಟ್ಟಿ ಚಿಕ್ಕದಾಗುತ್ತದೆ.

ಎದುರುಬದುರು ಎಲೆ ಸಿಕ್ಕಿತು ಅಂದುಕೊಳ್ಳಿ. ಎರಡು ತೊಟ್ಟುಗಳ ನಡುವಿನ ರೆಂಬೆಯ ಭಾಗವನ್ನು ಹತ್ತಿರದಿಂದ ನೋಡಿ. ಅಲ್ಲಿ ಎರಡು ತೊಟ್ಟುಗಳನ್ನು ಜೋಡಿಸುವಂತೆ ಒಂದು ಚಿಕ್ಕ ತ್ರಿಕೋನದ ಪೊರೆ ಇದೆಯೇ? ಎಲೆಯ ಅಂಚು ಹಲ್ಲಿಲ್ಲದೆ ನಯವಾಗಿದೆಯೇ? ಎರಡೂ ಹೌದಾದರೆ ಅದು ಬಹುಮಟ್ಟಿಗೆ ಕಾಫಿ ಕುಟುಂಬ. ನೋನಿ ಸೇರುವುದು ಇಲ್ಲಿಗೇ. ನೋನಿಯ ಎಳೆ ರೆಂಬೆ ಚೌಕಾಕಾರ, ಎಲೆ ಅಗಲವಾಗಿ ಮಿರಿಮಿರಿ ಹೊಳೆಯುತ್ತದೆ. ಹಣ್ಣು ಮೈತುಂಬ ಕಣ್ಣುಗಳಿರುವ ಆಲೂಗಡ್ಡೆಯ ಹಾಗೆ. ಆ ಒಂದೊಂದು ಕಣ್ಣೂ ಒಂದೊಂದು ಹೂವು ಕೂತಿದ್ದ ಜಾಗ. ಕಾಯಿ ಇನ್ನೂ ಹಸಿರಾಗಿರುವಾಗಲೇ ಅದರ ಮೈಯಿಂದ ಬಿಳಿ ಹೂಗಳು ಮೂಡುತ್ತಿರುತ್ತವೆ. ಹಣ್ಣಾದ ಮೇಲೆ ಹಳಸಿದ ಚೀಸಿನ ವಾಸನೆ ಹತ್ತು ಹೆಜ್ಜೆ ದೂರಕ್ಕೇ ಹೊಡೆಯುತ್ತದೆ.

ಎದುರುಬದುರು ಎಲೆ ಇದ್ದೂ ಆ ಪೊರೆ ಇಲ್ಲದಿದ್ದರೆ, ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಯಿಂದ ಚುಚ್ಚಿದಂತೆ ಸಾವಿರಾರು ಬೆಳಕಿನ ಚುಕ್ಕಿಗಳು ಕಂಡರೆ ಅವು ಎಣ್ಣೆಯ ಚೀಲಗಳು. ಎಲೆಯ ಅಂಚಿಗೆ ಸಮನಾಗಿ ಒಂದು ನರ ಓಡುತ್ತಿದ್ದು, ಉಜ್ಜಿದರೆ ಪರಿಮಳ ಬಂದರೆ ಅದು ಸೀಬೆ, ನೇರಳೆ, ಪನ್ನೇರಳೆಗಳ ಕುಟುಂಬ. ಇದೇ ಚುಕ್ಕಿಗಳಿದ್ದೂ ಎಲೆಗಳು ಎದುರುಬದುರಾಗಿ ಇಲ್ಲದೆ, ನಿಂಬೆಯ ವಾಸನೆ ಬಂದರೆ ನಿಂಬೆಯ ಕುಟುಂಬವನ್ನು ನೋಡಬೇಕು. ಉಜ್ಜುವ ಮುಂಚೆ ಮಾತ್ರ ಎಲೆಗೆ ಹಾಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹಾಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಲೆ ಮುರಿದಾಗ ಬಿಳಿ ಹಾಲು ಬಂದರೆ ವಿಷ ಎಂದು ಸುಮಾರು ಜನ ನಂಬುತ್ತಾರೆ. ಹಲಸು, ಅಂಜೂರ, ಜೀಗುಜ್ಜೆ, ಸಪೋಟ ಎಲ್ಲಕ್ಕೂ ಹಾಲಿದೆ. ಕಣಗಿಲೆಗೂ ಇದೆ, ಅದು ಕಡುವಿಷ. ಮ್ಯಾಂಚಿನೀಲ್‌ಗೂ ಇದೆ. ಹಾಗಾದರೆ ಬೇರೆ ಮಾಡುವುದು ಹೇಗೆ? ಹಲಸಿನ ಕುಟುಂಬದ ಹಲವು ಮರಗಳಲ್ಲಿ ರೆಂಬೆಯ ತುದಿಯ ಎಳೆ ಚಿಗುರಿಗೆ ಚೂಪಾದ ಟೋಪಿಯಂಥ ಹೊದಿಕೆ ಇರುತ್ತದೆ. ಎಲೆ ಬಿಚ್ಚಿದಾಗ ಆ ಟೋಪಿ ಉದುರಿ, ರೆಂಬೆಯ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಆಲದ ಕಡ್ಡಿಯಲ್ಲಿ, ಹಲಸಿನ ಕಡ್ಡಿಯಲ್ಲಿ ಈ ಉಂಗುರಗಳು ಸಾಲಾಗಿ ಕಾಣುತ್ತವೆ. ಕಣಗಿಲೆಯ ಕುಟುಂಬದಲ್ಲಿ ಟೋಪಿಯೂ ಇಲ್ಲ, ಉಂಗುರವೂ ಇಲ್ಲ. ಐದೆಸಳಿನ ಹೂವು ಗಿರಗಿಟ್ಲೆಯ ಹಾಗೆ ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತದೆ. ದೇವಕಣಗಿಲೆ ನೋಡಿದವರಿಗೆ ಈ ತಿರುಚು ಗೊತ್ತು.

ಮ್ಯಾಂಚಿನೀಲ್ ಸೇರಿರುವುದು ಹರಳಿನ ಕುಟುಂಬಕ್ಕೆ. ಎಲೆಗಳು ಒಂದಾದ ಮೇಲೊಂದು, ಉದ್ದ ತೊಟ್ಟು, ಹೊಳೆಯುವ ಮೈ, ಅಂಚಿನಲ್ಲಿ ತೀರಾ ಸಣ್ಣ ಹಲ್ಲುಗಳು. ತೊಟ್ಟು ಎಲೆಗೆ ಸೇರುವ ಕಡೆ ಒಂದು ಪುಟ್ಟ ಗಂಟು. ಇದನ್ನು ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು, ಮುರಿದು ನೋಡಬಾರದು. ಇದರ ಹಾಲು ತಗುಲಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆಯಲ್ಲಿ ಈ ಮರದ ಕೆಳಗೆ ನಿಂತರೆ ಎಲೆಯಿಂದ ಇಳಿದ ನೀರೂ ಸುಡುತ್ತದೆ. ಕಟ್ಟಿಗೆ ಉರಿಸಿದ ಹೊಗೆ ಕಣ್ಣಿಗೆ ಅಪಾಯ. ಫ್ಲೋರಿಡಾದ ದಕ್ಷಿಣ ತುದಿ, ಕೆರಿಬಿಯನ್, ಮಧ್ಯ ಅಮೆರಿಕ, ಗಲಾಪಗೋಸ್‌ಗಳಲ್ಲಿ ಇದು ಸಿಗುತ್ತದೆ. ಕೆಲವು ಕಡೆ ಕಾಂಡದ ಮೇಲೆ ಕೆಂಪು ಬಣ್ಣದ ಗುರುತು ಹಾಕಿರುತ್ತಾರೆ, ಎಲ್ಲ ಕಡೆ ಅಲ್ಲ. ಹಾಗಾಗಿ ಹೊಸ ಜಾಗದಲ್ಲಿ ಸೊನೆ ಪರೀಕ್ಷೆ ಮಾಡುವವರು ಕೈಗವಸು ಹಾಕಿಕೊಳ್ಳಿ, ಇಲ್ಲವೇ ಕೆಳಗೆ ಬಿದ್ದ ಎಲೆಯನ್ನು ಕಡ್ಡಿಯಿಂದ ಒತ್ತಿ ನೋಡಿ. ಕೈಯನ್ನು ಕಣ್ಣಿಗೆ ಒರೆಸಿಕೊಳ್ಳಬೇಡಿ.

ಕೆಲವು ಮರಗಳು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತವೆ. ಸುರಹೊನ್ನೆಯ ಎಲೆಯಲ್ಲಿ ನಡುನರದಿಂದ ಅಂಚಿನವರೆಗೆ ಸ್ಕೇಲು ಇಟ್ಟು ಎಳೆದಂತೆ ನೂರಾರು ಗೆರೆಗಳು ಒತ್ತೊತ್ತಾಗಿ ಇರುತ್ತವೆ. ಕಾಡುಬಾದಾಮಿಯ ಕೊಂಬೆಗಳು ಮಾಳಿಗೆಯ ಮೇಲೆ ಮಾಳಿಗೆಯಂತೆ ಅಡ್ಡಡ್ಡ ಹರಡಿರುತ್ತವೆ, ಹಣ್ಣೆಲೆಗಳು ಕೆಂಪಾಗಿ ಉದುರುತ್ತವೆ.

ಈಗ ಹಣ್ಣಿಗೆ ಬರೋಣ

ರೆಂಬೆ ನೋಡಿಯಾದ ಮೇಲೆ ಹಣ್ಣು ನಿಜವಾಗಿಯೂ ಸಹಾಯಕ್ಕೆ ಬರುತ್ತದೆ. ಬಣ್ಣ, ಗಾತ್ರಗಳಿಗಿಂತ ಮೊದಲು ಅದು ಮರಕ್ಕೆ ಹೇಗೆ ಅಂಟಿಕೊಂಡಿದೆ ನೋಡಿ.

ಹೂವಿನ ಬುಡದಲ್ಲಿ ಹಸಿರು ಬಟ್ಟಲೊಂದು ಇರುತ್ತದೆ. ಹಣ್ಣಾದ ಮೇಲೂ ಅದರ ಕುರುಹು ಉಳಿಯುವುದುಂಟು. ಬದನೆಕಾಯಿಯಲ್ಲಿ ಅದು ತೊಟ್ಟಿನ ಕಡೆ ಟೋಪಿಯಾಗಿ ಕೂತಿದೆ. ಸೀಬೆಯಲ್ಲಿ ತೊಟ್ಟಿನ ವಿರುದ್ಧ ತುದಿಯಲ್ಲಿ ಒಣಗಿದ ಕಿರೀಟವಾಗಿದೆ. ಬಟ್ಟಲು ಹೂವಿನ ಅಂಡಾಶಯದ (ಮುಂದೆ ಕಾಯಿಯಾಗುವ ಭಾಗದ) ಕೆಳಗಿತ್ತೇ, ಮೇಲಿತ್ತೇ ಎನ್ನುವುದನ್ನು ಈ ಕುರುಹು ಹೇಳುತ್ತದೆ. ಸಸ್ಯಗಳ ಕುಟುಂಬ ವಿಂಗಡಿಸುವಾಗ ಇದು ದೊಡ್ಡ ಗುರುತು. ತುದಿಯಲ್ಲಿ ಕಿರೀಟ, ಎದುರುಬದುರು ಎಲೆ, ಬೆಳಕಿನ ಚುಕ್ಕಿ ಮೂರೂ ಇದ್ದರೆ ಸೀಬೆಯ ಕುಟುಂಬ ಎನ್ನುವುದು ಬಹುತೇಕ ಗಟ್ಟಿ. ಕಿರೀಟ ಇದ್ದರೂ ಎಲೆಗಳು ತುದಿಯಲ್ಲಿ ಗೊಂಚಲಾಗಿದ್ದು, ಚುಕ್ಕಿ ಇಲ್ಲದಿದ್ದರೆ? ಕಡಲಂಚಿನಲ್ಲಿ ಅದು ಬ್ಯಾರಿಂಗ್ಟೋನಿಯಾ ಇರಬಹುದು. ಅದರ ಕಾಯಿ ನಾಲ್ಕು ಮೂಲೆಯ ಡಬ್ಬಿಯಂತೆ. ಅದನ್ನು ಅರೆದು ನೀರಿಗೆ ಹಾಕಿ ಮೀನುಗಳಿಗೆ ಅಮಲು ಬರಿಸಿ ಹಿಡಿಯುವುದು ಪೆಸಿಫಿಕ್ ದ್ವೀಪಗಳಲ್ಲಿ ಹಿಂದಿನಿಂದಲೂ ಇದ್ದ ಪದ್ಧತಿ. ಸೀಬೆಯ ಕುಟುಂಬದ ಹೂವೂ ಬ್ಯಾರಿಂಗ್ಟೋನಿಯಾದ ಹೂವೂ ಕುಂಚದಂತೆ ಕೇಸರಗಳಿಂದ ತುಂಬಿರುತ್ತದೆ. ಹೂವು, ಕಿರೀಟ ಇವೆರಡನ್ನೇ ನೋಡಿದವರು ಇಲ್ಲಿ ಖಂಡಿತ ಎಡವುತ್ತಾರೆ. ಎಲೆ ನೋಡಿದವರು ಎಡವುವುದಿಲ್ಲ.

ಹಣ್ಣು ರೆಂಬೆಯ ತುದಿಯಲ್ಲಿಲ್ಲದೆ ನೇರ ಕಾಂಡದ ಮೇಲೆ ಬಿಟ್ಟಿದೆಯೇ? ನಿಮ್ಮ ಪಟ್ಟಿ ಒಮ್ಮೆಗೇ ಚಿಕ್ಕದಾಯಿತು. ಹಲಸು, ಕೋಕೋ, ಬಿಂಬುಳಿ, ನಾಗಲಿಂಗ, ಕೆಲವು ಅತ್ತಿಗಳು, ಹೀಗೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವವು ಕೆಲವೇ.

ದ್ವೀಪಕ್ಕೆ ಹೊಸಬರು ಬಂದಾಗ 'ಮರದಲ್ಲಿ ಅನಾನಸ್ ಬಿಟ್ಟಿದೆ' ಎಂದು ಬೆರಗಾಗುತ್ತಾರೆ. ಅನಾನಸ್ ನೆಲದಲ್ಲಿ ಬೆಳೆಯುವ ಗಿಡ, ಹಣ್ಣಿನ ನೆತ್ತಿಯ ಮೇಲೆ ಎಲೆಗಳ ಜುಟ್ಟು ಇರುತ್ತದೆ. ಮರದಲ್ಲಿ ತೂಗುತ್ತಿರುವುದು ಕೇದಗೆಯ ಬಳಗದ ಕಾಯಿ. ಅದಕ್ಕೆ ಜುಟ್ಟಿಲ್ಲ. ಬುಡದಲ್ಲಿ ಊರುಗೋಲಿನಂಥ ಬೇರುಗಳು, ಮುಳ್ಳಂಚಿನ ಉದ್ದ ಎಲೆಗಳು ಸುರುಳಿಯಾಗಿ ಸುತ್ತಿರುತ್ತವೆ. ಪರಿಮಳದ ಕೇದಗೆ ಹೂ ಬಿಡುವುದು ಗಂಡು ಮರ, ಈ ಕಾಯಿ ಬಿಡುವುದು ಹೆಣ್ಣು ಮರ. ಹಣ್ಣಾದಾಗ ಕಾಯಿ ಬೆಣೆಯಾಕಾರದ ತುಂಡುಗಳಾಗಿ ಕಳಚಿ ಬೀಳುತ್ತದೆ.

ಇನ್ನೊಂದು ಜೋಡಿ ಇದಕ್ಕಿಂತ ಅಪಾಯದ್ದು. ಸೆರ್ಬೆರಾ ಎಂಬ ಮರದ ಕಾಯಿ ಎಳೆ ಮಾವಿನಕಾಯಿಯಂತೆಯೇ ಹಸಿರಾಗಿ, ಉರುಟಾಗಿ ತೂಗುತ್ತದೆ. ಎಲೆಯೂ ಮಾವಿನೆಲೆಯ ಹಾಗೆ ನೀಳ. ಆದರೆ ಎಲೆ ಮುರಿದರೆ ದಟ್ಟ ಹಾಲು ಬರುತ್ತದೆ, ಮಾವಿನ ವಾಸನೆ ಇಲ್ಲ. ಮಾವಿನ ಹೂವು ಧೂಳಿನಷ್ಟು ಚಿಕ್ಕದು, ದೊಡ್ಡ ಗೊಂಚಲಿನಲ್ಲಿ ಬಿಡುತ್ತದೆ. ಇದರ ಹೂವು ದೇವಕಣಗಿಲೆಯ ಹಾಗೆ ಬಿಳಿ, ತಿರುಚಿದ ಐದೆಸಳು, ನಡುವೆ ಹಳದಿ ಅಥವಾ ಕೆಂಪು ಕಣ್ಣು. ಕಾಯಿ ಒಡೆದರೆ ತಿರುಳಿನ ಬದಲು ತೆಂಗಿನಂಥ ನಾರು. ಒಳಗಿನ ಬೀಜದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಸೆರ್ಬೆರಿನ್ ಎಂಬ ವಿಷ ಇದೆ. ತೇಲುವ ಕಾಯಿ ಎಂದು ನಾರೇ ಹೇಳುತ್ತಿದೆ, ನೋಡಿ. ಅದು ಕಡಲಂಚಿನ, ಹಿನ್ನೀರಿನ ಮರ.

ಒಂದು ಹೂವಿನ ಒಂದು ದಿನ

ಹೂವು ಸಿಕ್ಕರೆ ಗುರುತು ಹಿಡಿಯುವುದು ಎಲ್ಲಕ್ಕಿಂತ ಖಚಿತ. ಆದರೆ ಬಣ್ಣ ನಂಬಬೇಡಿ. ಕಡಲಂಚಿನಲ್ಲಿ ಅಕ್ಕಪಕ್ಕ ಬೆಳೆಯುವ ಎರಡು ಮರಗಳಿವೆ. ಒಂದು ಹೂವರಸಿ, ಬುಗುರಿ ಮರ ಎಂದೂ ಕರೆಯುತ್ತಾರೆ. ಇನ್ನೊಂದನ್ನು ಕಡಲ ದಾಸವಾಳ ಎನ್ನೋಣ, ವಿಜ್ಞಾನದಲ್ಲಿ ಹೈಬಿಸ್ಕಸ್ ಟಿಲಿಯೇಸಿಯಸ್. ಎರಡಕ್ಕೂ ಹೃದಯದಾಕಾರದ ಎಲೆ, ಎರಡಕ್ಕೂ ನಡುವೆ ಕಡುಗೆಂಪು ಕಲೆ ಇರುವ ಹಳದಿ ಹೂವು. ಕಡಲ ದಾಸವಾಳ ಬೆಳಗ್ಗೆ ಹಳದಿಯಾಗಿ ಅರಳುತ್ತದೆ. ಬಿಸಿಲೇರಿದಂತೆ ಕಿತ್ತಳೆಯ ಕಡೆ ತಿರುಗುತ್ತದೆ. ಸಂಜೆಗೆ ಕೆಂಪಾಗಿ ಉದುರುತ್ತದೆ. ಹೂವರಸಿಯೂ ಬಾಡುವಾಗ ನೇರಳೆಗೆಂಪಿಗೆ ತಿರುಗುತ್ತದೆ. ಬೆಳಗ್ಗೆ ಫೋಟೊ ತೆಗೆದವರು, ಸಂಜೆ ತೆಗೆದವರು ಬೇರೆ ಬೇರೆ ಮರ ಎಂದು ಜಗಳವಾಡಬಹುದು.

ಬೇರೆ ಮಾಡಲು ಹೂವನ್ನು ಕೈಯಲ್ಲಿ ಹಿಡಿಯಬೇಕು. ನಡುವಿನಿಂದ ಹೊರಬಂದ ಕಂಬವನ್ನು ತುದಿಯ ತನಕ ನೋಡಿ. ಕಡಲ ದಾಸವಾಳದಲ್ಲಿ ಅದು ಕೊನೆಗೆ ಐದು ಸಣ್ಣ ಕವಲಾಗಿ, ಒಂದೊಂದರ ತುದಿಯಲ್ಲೂ ಗುಂಡಿಯಂಥ ತಲೆ ಇರುತ್ತದೆ. ಮನೆಯಂಗಳದ ದಾಸವಾಳದಲ್ಲೂ ಹೀಗೇ. ಹೂವರಸಿಯಲ್ಲಿ ಕವಲಿಲ್ಲ, ತುದಿ ಗದೆಯಂತೆ ದಪ್ಪ. ಹೂವು ಇಲ್ಲದ ದಿನ ಎಲೆ ತಿರುಗಿಸಿ ನೋಡಿ. ಕಡಲ ದಾಸವಾಳದ ಎಲೆಯ ಕೆಳಮೈ ಬಿಳಿ ಮೃದು ರೋಮದಿಂದ ಮಖಮಲ್ಲಿನಂತೆ ಇರುತ್ತದೆ. ಹೂವರಸಿಯದು ನುಣುಪು. ಕಾಯಿ ಒಣಗಿದಾಗ ಕಡಲ ದಾಸವಾಳದ್ದು ಐದು ಹೋಳಾಗಿ ಬಿರಿಯುತ್ತದೆ, ಹೂವರಸಿಯದು ಬುಗುರಿಯ ಆಕಾರದಲ್ಲೇ ಮರದಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಕೆಲವು ಹೂಗಳನ್ನು ನೋಡಲು ಹೊತ್ತು ಗೊತ್ತಿರಬೇಕು. ಬ್ಯಾರಿಂಗ್ಟೋನಿಯಾ ರಾತ್ರಿ ಅರಳುತ್ತದೆ. ಬೆಳಗ್ಗೆ ಹೋದವರಿಗೆ ಸಿಗುವುದು ಮರಳಿನ ಮೇಲೆ ಬಿದ್ದ, ತುದಿ ಗುಲಾಬಿಯಾದ ಬಿಳಿ ಕುಂಚಗಳು. ಮತ್ತೆ ತೀರದಲ್ಲೇ ಸ್ಕೇವೋಲಾ ಎಂಬ ಪೊದೆ ಇದೆ. ಅದರ ಹೂವು ಯಾರೋ ಅರ್ಧ ಹರಿದು ಹಾಕಿದಂತೆ ಕಾಣುತ್ತದೆ. ಹರಿದಿಲ್ಲ, ಐದೂ ಎಸಳು ಒಂದೇ ಕಡೆಗಿವೆ, ಅದರ ರೀತಿಯೇ ಅದು.

ತಿನ್ನಬಹುದಾ?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದೇ. ಹೆಸರು ಗೊತ್ತಾಗದ ಹಣ್ಣನ್ನು ಬಾಯಿಗೆ ಇಡಬಾರದು. ತುಟಿಗೆ ಸೋಕಿಸಿ ನೋಡುವುದು, ಸ್ವಲ್ಪ ಜಗಿದು ಉಗಿಯುವುದು ಇವನ್ನೂ ನಾನು ಒಪ್ಪುವುದಿಲ್ಲ. ಗುಲಗಂಜಿಯ ಬೀಜ ಜಗಿದರೆ ಅದರ ವಿಷ ಕೆಲಸ ತೋರಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ 'ಏನೂ ಆಗಲಿಲ್ಲ' ಎಂದು ಇನ್ನೊಂದನ್ನು ತಿಂದಿರುತ್ತೇವೆ.

ಹಕ್ಕಿಯೋ ಪ್ರಾಣಿಯೋ ತಿಂದರೆ ನಾವೂ ತಿನ್ನಬಹುದು ಎನ್ನುವುದು ಬಲು ಹಳೆಯ ನಂಬಿಕೆ. ಮ್ಯಾಂಚಿನೀಲ್ ಹಣ್ಣನ್ನು ಮಧ್ಯ ಅಮೆರಿಕದ ಒಂದು ಜಾತಿಯ ಇಗ್ವಾನಾ (ದೊಡ್ಡ ಹಲ್ಲಿಯಂಥ ಪ್ರಾಣಿ) ಆರಾಮವಾಗಿ ತಿನ್ನುತ್ತದೆ. ಅದರ ಹೊಟ್ಟೆ ಬೇರೆ, ನಮ್ಮದು ಬೇರೆ. ಮನುಷ್ಯರು ತಿಂದದ್ದಕ್ಕೆ ಸಾಕ್ಷಿ ಇದ್ದರೂ ಅದು ಸಾಲದು. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗು ಆಸ್ಟ್ರೇಲಿಯಾದ ಈಶಾನ್ಯ ತೀರದಲ್ಲಿ ದುರಸ್ತಿಗೆ ನಿಂತಿತ್ತು. ಅಲ್ಲಿನ ಮೂಲನಿವಾಸಿಗಳ ಒಲೆಗಳ ಹತ್ತಿರ ಸೈಕಾಸ್ ಎಂಬ, ತಾಳೆಯಂತೆ ಕಾಣುವ ಗಿಡದ ಬೀಜದ ಸಿಪ್ಪೆಗಳು ಬಿದ್ದಿದ್ದವು. ತಿನ್ನುವಂಥದ್ದೇ ಇರಬೇಕು ಎಂದುಕೊಂಡು ತಿಂದ ನಾವಿಕರು ವಾಂತಿ ಭೇದಿಯಿಂದ ಒದ್ದಾಡಿದರು. ಹಡಗಿನ ಹಂದಿಗಳಿಗೆ ಹಾಕಿದಾಗ ಕೆಲವು ಸತ್ತೇ ಹೋದವು. ಅಲ್ಲಿನ ಜನ ಆ ಬೀಜವನ್ನು ನೀರಿನಲ್ಲಿ ನೆನೆಹಾಕಿ ವಿಷ ತೆಗೆದು ಬಳಸುತ್ತಿದ್ದರು. ಸಿಪ್ಪೆ ನೋಡಿದವರಿಗೆ ಆ ಕೆಲಸ ಕಾಣಲಿಲ್ಲ.

ಸರಿಯಾದ ಹೆಸರು ಸಿಕ್ಕಿದ ಮೇಲೂ ಹದ ಮುಖ್ಯ. ಜಮೈಕಾದ ರಾಷ್ಟ್ರೀಯ ಹಣ್ಣು ಅಕೀ. ಮರದಲ್ಲೇ ಕೆಂಪಾಗಿ, ತಾನಾಗಿ ಬಾಯಿ ಬಿಟ್ಟು, ಮೂರು ಕಪ್ಪು ಬೀಜಗಳೂ ಕೆನೆಬಣ್ಣದ ತಿರುಳೂ ಕಂಡಾಗ ಮಾತ್ರ ಆ ತಿರುಳನ್ನು ತೆಗೆದು ಬೇಯಿಸುತ್ತಾರೆ. ಬಾಯಿ ಬಿಡುವ ಮೊದಲೇ ಬಲವಂತವಾಗಿ ಒಡೆದರೆ ಅದರಲ್ಲಿ ಹೈಪೊಗ್ಲೈಸಿನ್ ಎಂಬ ವಿಷ ಜಾಸ್ತಿ ಇರುತ್ತದೆ. ಅದು ರಕ್ತದ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸುತ್ತದೆ, ಜೀವವನ್ನೂ ತೆಗೆಯಬಲ್ಲದು.

ಹೆಸರು ಎನ್ನುವಾಗ ಬಳಕೆಯ ಹೆಸರು ಸಾಲದು ಎನ್ನುವುದನ್ನೂ ಹೇಳಬೇಕು. ಕಾಡುಬಾದಾಮಿಗೂ ಬಾದಾಮಿಗೂ ಸಂಬಂಧವಿಲ್ಲ. ಕನ್ನಡದಲ್ಲೇ ಹೊನ್ನೆ, ಸುರಹೊನ್ನೆ, ಸುರಗಿ ಮೂರೂ ಬೇರೆ ಬೇರೆ ಮರಗಳು. ಇನ್ನು ದ್ವೀಪದಿಂದ ದ್ವೀಪಕ್ಕೆ ಭಾಷೆಯೇ ಬದಲಾಗುವ ಕಡೆ ಕೇಳಬೇಕೇ? ಸ್ಥಳೀಯರು ಹೇಳಿದ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿ, ಅದು ಅಮೂಲ್ಯ. ಜೊತೆಗೆ ವೈಜ್ಞಾನಿಕ ಹೆಸರು ಹುಡುಕಿ, ಯಾಕೆಂದರೆ ಅದೊಂದೇ ಎಲ್ಲ ಕಡೆ ಒಂದೇ ಗಿಡವನ್ನು ತೋರಿಸುತ್ತದೆ.

ಫೋನಿನಲ್ಲಿ ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್ ಥರದ ಆ್ಯಪ್‌ಗಳಿವೆ. ತೀರದ ಮರಗಳಿಗೂ ಉದ್ಯಾನದ ಮರಗಳಿಗೂ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಅವುಗಳ ಫೋಟೊಗಳು ಲಕ್ಷಗಟ್ಟಲೆ ಇವೆ. ಒಂದೇ ಬೆಟ್ಟದಲ್ಲಿ ಬೆಳೆಯುವ ಅಪರೂಪದ ಮರದ ಫೋಟೊ ಯಾರೂ ಹಾಕಿಲ್ಲದಿದ್ದರೆ ಆ್ಯಪ್ ಅದರ ಹತ್ತಿರದ ನೆಂಟನ ಹೆಸರು ಹೇಳಿಬಿಡುತ್ತದೆ. ಅದನ್ನು ಒಂದು ಸುಳಿವು ಎಂದು ತಗೊಳ್ಳಿ. ಹೇಳಿದ ಕುಟುಂಬದ ಗುರುತುಗಳು ನಿಮ್ಮ ಕೈಯಲ್ಲಿರುವ ರೆಂಬೆಗೆ ಹೊಂದುತ್ತವೆಯೇ ಪರಿಶೀಲಿಸಿ. ತಿಳಿದವರನ್ನು ಕೇಳುವಾಗಲೂ ಸುಮ್ನೆ ಒಂದು ಹಣ್ಣಿನ ಫೋಟೊ ಕಳಿಸಿದರೆ ಅವರಿಗೂ ಹೇಳಲಾಗುವುದಿಲ್ಲ. ಇಡೀ ಮರ, ಕಾಂಡದ ತೊಗಟೆ, ಎಲೆಗಳು ರೆಂಬೆಗೆ ಸೇರುವ ಜಾಗ, ಎಲೆಯ ಎರಡೂ ಮೈ, ಹೂವಿನ ಮುಂದೆ ಮತ್ತು ಹಿಂದೆ, ಹಣ್ಣಿನ ಎರಡೂ ತುದಿ, ಅಡ್ಡ ಕತ್ತರಿಸಿದ ಹಣ್ಣು ಎಲ್ಲವೂ ಬೇಕು. ಅಳತೆ ಗೊತ್ತಾಗಲು ಪಕ್ಕದಲ್ಲೊಂದು ನಾಣ್ಯ ಇಡಿ. ಜಾಗ, ತಿಂಗಳು, ಕಡಲಿನಿಂದ ಎಷ್ಟು ದೂರ, ಸೊನೆ ಯಾವ ಬಣ್ಣ, ವಾಸನೆ ಹೇಗಿತ್ತು ಎನ್ನುವುದನ್ನು ಅಲ್ಲೇ ಬರೆದಿಡಿ, ಫೋಟೊದಲ್ಲಿ ಇವು ಬರುವುದಿಲ್ಲ. ರಕ್ಷಿತ ಕಾಡಿನಲ್ಲಿ ಕೀಳದೆ ಬಿದ್ದದ್ದನ್ನೇ ನೋಡಿ. ಬೀಜವನ್ನು ಮತ್ತೊಂದು ದ್ವೀಪಕ್ಕೆ ಒಯ್ಯಬೇಡಿ.

ಇಷ್ಟಾದರೂ ಯಾರಾದರೂ, ಅದರಲ್ಲೂ ಮಗು, ಗೊತ್ತಿಲ್ಲದ ಹಣ್ಣು ತಿಂದುಬಿಟ್ಟರೆ ಬಾಯಲ್ಲಿ ಉಳಿದದ್ದನ್ನು ತೆಗೆಸಿ, ನೀರಿನಿಂದ ಮುಕ್ಕಳಿಸಿ. ಬಲವಂತವಾಗಿ ವಾಂತಿ ಮಾಡಿಸಬೇಡಿ, ಸುಡುವಂಥ ಸೊನೆ ಗಂಟಲನ್ನು ಎರಡನೇ ಸಲ ಸುಡುತ್ತದೆ. ಚರ್ಮಕ್ಕೆ ತಗುಲಿದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಕಣ್ಣಿಗಾಗಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ. ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಉಳಿದ ಹಣ್ಣನ್ನು ಚೀಲಕ್ಕೆ ಹಾಕಿಕೊಳ್ಳಿ. ಅದರ ಜೊತೆಗೆ ಎಲೆಗಳಿರುವ ಒಂದು ರೆಂಬೆಯನ್ನೂ, ಬರಿಗೈಯಲ್ಲಿ ಮುಟ್ಟದೆ.